ದಾರ ಬಚ್ಚಿಟ್ಟ ಬಾಮೈದ

೧೯೭೯ರಲ್ಲಿ ಹುಣಸೂರಿನ ಹೈಸ್ಕೂಲಿಗೆ ಕೈಮುಗಿದು ಹೊರಬಂದವನು ನಾನು. ನಾಚಿಕೆಯೇನಿಲ್ಲ. ನನ್ನ ಪಾಲಿನದನ್ನೂ ಸೇರಿಸಿ ಓದಲು ದೇವರು ಒಬ್ಬ ಬಾಮೈದನನ್ನು ಕೊಟ್ಟಿದ್ದಾನಲ್ಲ! ಊಟಕ್ಕೆ ಕೂತರೆ ತುಪ್ಪವನ್ನು ಬೆಳಕಿಗೆ ಹಿಡಿದು ನೋಡುವ ಪ್ರಾಣಿ ಅದು.

ತಾಯಿ ಕ್ಯಾನ್ಸರ್ ಗಡ್ಡೆಯಿಂದ ತೀರಿಕೊಂಡ ಮೇಲೆ ಅವನಿಗೊಂದು ಹಠ ಹಿಡಿಯಿತು. ನಮ್ಮ ಜೀವಕೋಶಕ್ಕೊಂದು ಪೊರೆಯಂತೆ. ಕೆಲವು ಪ್ರೋಟೀನುಗಳು ಕೊಬ್ಬಿನ ಬಾಲ ಅಂಟಿಸಿಕೊಂಡರೆ ಮಾತ್ರ ಆ ಪೊರೆಗೆ ಕಚ್ಚಿಕೊಳ್ಳುತ್ತವಂತೆ. ಅಂಥದ್ದೊಂದು ಕೆಟ್ಟರೆ ಗಡ್ಡೆ! ಬಾಲ ಅಂಟದಂತೆ ತಡೆಯುವ ರಾಸಾಯನಿಕ ಹುಡುಕುವುದೇ ಇವನ ಪಿಎಚ್.ಡಿ.

ಒಮ್ಮೆ ಬೋಂಡ ತಿನ್ನುತ್ತಾ ಜಿಡ್ಡಿನ ಬೆರಳು ತೋರಿಸಿದ.

"ಅಕ್ಕ, ಕೊಬ್ಬು ಎಂಗೆ ಅಂಟ್ಕಂಡದೆ ನೋಡು! ಬುಡುಸೋದು ಎಂಗೆ?"

"ಸೋಪಾಕ್ಕಂಡು ತೊಳ್ಕೊ, ಓಯ್ತದೆ," ಎಂದಳು ನನ್ನ ಹೆಂಡತಿ.

ಸರ್ಕಾರ ಸುಮ್ಮನೆ ಲ್ಯಾಬು ಕಟ್ಟಿಸಿತ್ತು!

ತೊಂಬತ್ತರ ದಶಕದ ಕೊನೆಯಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಟ್ರಂಕು ಸಮೇತ ಬಂದಿಳಿದ. ಔಷಧಿಗೆ ಗಡ್ಡೆ ಬಗ್ಗುತ್ತಿಲ್ಲವಂತೆ, ಓದು ಬಿಟ್ಟುಬಿಡುತ್ತಾನಂತೆ. ಮರುದಿನ ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯ ಮುಂದೆ, ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟುವ ಹೆಂಗಸರ ನಡುವೆ ಹೋಗಿ ಕೂತ.

"ನಿಂಗಮ್ಮ, ಎಲೆನೇ ಪ್ರೋಟೀನು, ಕಡ್ಡಿನೇ ಪೊರೆ, ದಾರನೇ ಕೊಬ್ಬು. ದಾರ ಇಲ್ದಿದ್ರೆ?"

"ಸೊಪ್ಪು ನೆಲದಲ್ಲಿ ಬಿದ್ದಿರ್ತದೆ ಬುಡಪ್ಪ."

ನಾನು ಟೀ ತರಲು ಹೋದೆ. ಈ ಪುಣ್ಯಾತ್ಮ ದಾರದ ಉಂಡೆಯನ್ನೇ ಟವಲಿನಡಿ ಬಚ್ಚಿಟ್ಟಿದ್ದಾನೆ! ಬಂದು ನೋಡಿದರೆ ಕಡ್ಡಿಗಳೆಲ್ಲ ಭರ್ತಿ. ನಿಂಗಮ್ಮ ಪಕ್ಕದ ಬಾಳೆಪಟ್ಟೆ ಸೀಳಿ, ನಾರಿನಲ್ಲಿ ಕಟ್ಟಿ ಒಗೆದಿದ್ದಳು.

"ದಾರ ಕಾಣೆ ಅಂತ ಕೈಕಟ್ಕಂಡು ಕೂತ್ರೆ ಸೊಪ್ಪು ಬಾಡೋಗಕಿಲ್ವಾ?"

ಎಲ್ಲರೂ ನಕ್ಕರು. ನನ್ನದೇ ದೊಡ್ಡ ನಗು. ಬಾಮೈದ ಮಾತ್ರ ನಗಲಿಲ್ಲ.

"ನನ್ನ ಲ್ಯಾಬಲ್ಲೂ ಇದೇ ಕಣ್ ಬಾವ. ಒಂದು ಬಾಲ ತಡುದ್ರೆ ಪ್ರೋಟೀನು ಇನ್ನೊಂದು ತರದ ಬಾಲ ಕಟ್ಕಂಡು ಓಯ್ತದೆ."

"ಅಂಗಾರೆ ನಾರ್ನೂ ಬಚ್ಚಿಡು," ಎಂದಳು ನಿಂಗಮ್ಮ.

"ಎರಡ್ನೂ ತಡುದ್ರೆ ಒಳ್ಳೆ ಜೀವಕೋಶನೂ ಸಾಯ್ತವೆ ಕಣವ್ವ. ಅದುಕ್ಕೆ ಬುಟ್ಬಂದೆ."

ಟವಲಿನಡಿಯಿಂದ ದಾರ ತೆಗೆದು ಅವಳ ಮಡಿಲಿಗಿಟ್ಟ. ನಾನು ಟೀ ಕೆಳಗಿಟ್ಟು ಅವನ ಎದುರು ನಿಂತೆ.

"ನಾನು ಓದು ಬುಟ್ಟಾಗ ಬ್ಯಾಡ ಅನ್ನೋರು ಒಬ್ರೂ ಇರ್ಲಿಲ್ಲ ಕಣೋ," ಎಂದೆ. "ನಿಂಗೆ ನಾನಿವ್ನಿ. ಏಳು ಮ್ಯಾಕ್ಕೆ."

ಬೆಳಿಗ್ಗೆ ಟ್ರಂಕನ್ನು ನಾನೇ ಹೊತ್ತು ಬಸ್ಸಿಗೆ ಹಾಕಿದೆ. ಔಷಧಿ ಗೆಲ್ಲಲಿಲ್ಲ, ಅದು ಯಾಕೆ ಸೋಲುತ್ತದೆ ಎಂಬುದನ್ನೇ ಬರೆದು ಅವನು ಡಾಕ್ಟರಾದ.

ಈಗ ನನಗಿರುವುದು ಮೂರೂವರೆ ಎಕರೆ, ಒಂದು ಬ್ಯಾರನ್, ಎರಡು ಎತ್ತು, ಒಬ್ಬ ಬಾಮೈದ.