ಬಾಷಾ ಸಾಹೇಬರ ಚಾನೆಲ್ಲಿನ ಕುರ್ಚಿ

ಕುರ್ಚಿ ಬಿಟ್ಟವರನ್ನು ಅದರ ಚಿಂತೆ ಬಿಡುವುದಿಲ್ಲ ಎಂದು ರಾಜಕಾರಣಿಗಳನ್ನು ನೋಡಿ ನಾವೆಲ್ಲ ನಗುತ್ತೇವೆ. ನಾನೂ ನಗುತ್ತಿದ್ದೆ, ಈಗ ನಗುವ ಧೈರ್ಯವಿಲ್ಲ. ನಾನು ಬಿಟ್ಟು ಬಂದದ್ದು ಶಾಸಕರ ಕುರ್ಚಿಯಲ್ಲ, ಸೊಸೈಟಿ ಅಧ್ಯಕ್ಷರದ್ದೂ ಅಲ್ಲ. ಒಂದು ಕೈ ಸಡಿಲವಾಗಿ ಅಲ್ಲಾಡುವ ಹಳೆಯ ಬೆತ್ತದ ಕುರ್ಚಿ. ಶಿರಸಿಯ ಬಾಷಾ ಸಾಹೇಬರ ಕೇಬಲ್ ಚಾನೆಲ್ಲಿನಲ್ಲಿ ಅದರ ಮೇಲೆ ಕೂತು ನಾನು ದಿನಾ ಸಂಜೆ ದೆವ್ವದ ಕಥೆ ಹೇಳುತ್ತಿದ್ದೆ.

ಹಗಲು ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಮಕ್ಕಳನ್ನು ಹೆದರಿಸಿ ಅಭ್ಯಾಸವಿದ್ದದ್ದರಿಂದ ದೊಡ್ಡವರನ್ನು ಹೆದರಿಸುವುದು ಕಷ್ಟವಾಗಲಿಲ್ಲ. ಸಾಹೇಬರ ಸ್ಟುಡಿಯೋ ಎಂದರೆ ಅವರ ಟಿವಿ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಒಂದು ಕರಿ ಪರದೆ, ಒಂದು ಕ್ಯಾಮೆರಾ, ಒಂದು ದೀಪ, ಈ ಕುರ್ಚಿ. ಎಲ್ಲವೂ ನೇರ ಪ್ರಸಾರ. ಕಥೆಯಲ್ಲಿ ಬಾಗಿಲು ಕಿರ್ರೆಂದು ತೆರೆಯುವ ಹೊತ್ತಿಗೆ ಅಂಗಡಿಯಲ್ಲಿ ಯಾರಾದರೂ "ಸಾಹೇಬ್ರೇ, ರಿಮೋಟ್ ಅದೆಯೇನ್ರಿ?" ಎಂದು ಕೂಗಿದರೆ ಅದೂ ಮನೆಮನೆಗೆ ಹೋಗುತ್ತಿತ್ತು. ದೆವ್ವವೇ ರಿಮೋಟ್ ಕೇಳಿತೇನೋ ಎಂದು ಜನ ಮತ್ತಷ್ಟು ಹೆದರುತ್ತಿದ್ದರು. ನನಗೆ ಸಿಗುತ್ತಿದ್ದ ಸಂಭಾವನೆ ದಿನಾ ಒಂದು ಕಪ್ ಚಹಾ, ಈದ್ ಹಬ್ಬದ ದಿನ ಶೀರ್‌ಖುರ್ಮಾ ಪಾಯಸ. ಸಾಹೇಬರಿಗೂ ಅದರಿಂದ ದೊಡ್ಡ ಲಾಭವೇನೂ ಇರಲಿಲ್ಲ. ಅವರಿಗೆ ಕಥೆ ಇಷ್ಟ, ಅಷ್ಟೇ. ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಕೂತು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು.

ಹೀಗಿರುವಾಗ ಊರಿನಲ್ಲಿ ಇನ್ನೊಂದು ಚಾನೆಲ್ ಶುರುವಾಯಿತು. ಗಾಜಿನ ಬಾಗಿಲು, ಎ.ಸಿ., ಮುಖಕ್ಕೆ ಪೌಡರ್ ಹಚ್ಚಲಿಕ್ಕೆ ಬೇರೆ ಒಬ್ಬರು. ಅಲ್ಲಿಯ ಮ್ಯಾನೇಜರ್ ಮನೆಗೇ ಬಂದು, "ಸರ್, ನಿಮ್ಮಂಥ ಪ್ರತಿಭೆ ರಿಪೇರಿ ಅಂಗಡಿಯಲ್ಲಿ ಕೂತಿರೋದಾ?" ಎಂದ. ನನಗೂ ಅದೇ ಪ್ರಶ್ನೆ ಬಹಳ ದಿನದಿಂದ ಇತ್ತು, ಯಾರೂ ಕೇಳಿರಲಿಲ್ಲ. ಸಂಬಳದ ಮಾತೂ ಬಂತು. ಒಳಗಿನಿಂದ ಹೆಂಡತಿ ಸುಮಿತ್ರಾ, "ಸಾಹೇಬ್ರಿಗೆ ಎಂತ ಹೇಳ್ತಿ?" ಎಂದಳು. ಹೇಳಲಿಕ್ಕೆ ನಾನು ನಾಲ್ಕಾರು ಕಾರಣ ಕಟ್ಟಿಕೊಂಡು ಹೋದೆ. ಒಂದೂ ಬೇಕಾಗಲಿಲ್ಲ.

"ಹೋಗಿ ಬರ್ರಿ ಮಾಸ್ತರ, ಮನಷ್ಯಾ ಮ್ಯಾಲೆ ಹೋಗಬೇಕು," ಎಂದರು ಸಾಹೇಬರು. "ನಿಮ್ಮ ಜಾಗಾದಾಗ ಬ್ಯಾರೆ ಯಾರನ್ನೂ ಕೂಡ್ಸೂದಿಲ್ಲ, ಚಿಂತಿ ಮಾಡಬ್ಯಾಡ್ರಿ." ಅದು ಪ್ರೀತಿಯ ಮಾತು ಎಂದುಕೊಂಡು ಚಹಾ ಕುಡಿದು ಬಂದೆ.

ಹೊಸ ಚಾನೆಲ್ಲಿನ ಮೆತ್ತನೆಯ ಸೋಫಾದಲ್ಲಿ ನನ್ನ ದೆವ್ವಗಳು ಯಾಕೋ ಹುಳಿ ಹಿಂಡಿದ ಹಾಲಿನ ಹಾಗೆ ಒಡೆದುಹೋಗುತ್ತಿದ್ದವು. ನಡುನಡುವೆ ಫರ್ನಿಚರ್ ಅಂಗಡಿಯ ಜಾಹೀರಾತು ಬೇರೆ. ಜನ ದಾರಿಯಲ್ಲಿ ಸಿಕ್ಕಿದರೂ ಕಥೆಯ ಸುದ್ದಿ ಎತ್ತುತ್ತಿರಲಿಲ್ಲ. ಒಂದು ದಿನ ಸಂತೆಯಲ್ಲಿ ಮಂಚಿಕೇರಿಯ ಗಂಗಕ್ಕ ಸಿಕ್ಕಿದರು. ನನ್ನ ಅಮ್ಮನ ಗೆಳತಿ, ಮೊದಲಿನಿಂದ ನನ್ನ ಕಥೆ ತಪ್ಪದೆ ನೋಡುವವರು. ನನ್ನನ್ನು ಕಂಡದ್ದೇ ಸೌತೆಕಾಯಿ ಕೆಳಗಿಟ್ಟು, "ಅಯ್ಯೋ ತಮ್ಮಾ, ನಿನ್ನ ನಿನ್ನೆ ಕಥೆ ಕೇಳಿ ಎನಗೆ ನಿದ್ದೆ ಬೈಂದಿಲ್ಲೆ," ಎಂದರು.

ನನಗೆ ಜೀವ ಬಂತು. "ಹೊಸ ಚಾನೆಲ್ ನೋಡ್ತ್ಯ?" ಎಂದು ಕೇಳಿದೆ.

"ಅದೆಂತಕ್ಕೆ? ಸಾಹೇಬ್ರದ್ದೇ ನೋಡದು."

ಸಾಹೇಬರು ನನ್ನ ಹಳೆಯ ಕಥೆಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡು ತಿರುಗಿ ಹಾಕುತ್ತಿರಬೇಕು ಎಂದುಕೊಂಡು, ಯಾವ ಕಥೆ ಎಂದು ವಿಚಾರಿಸಿದೆ. ಗಂಗಕ್ಕ ದನಿ ತಗ್ಗಿಸಿ ಹೇಳಿದರು: ಕ್ಷೌರದಂಗಡಿಗೆ ಒಬ್ಬ ಬರುತ್ತಾನೆ. ಕ್ಷೌರ ಅರ್ಧ ಆಗಿರುವಾಗ ಕನ್ನಡಿಯೊಳಗಿನವನು ಎದ್ದು, ಹೆಗಲಿನ ಬಟ್ಟೆ ಕೊಡವಿ, ಬಾಗಿಲು ತೆಗೆದು ಹೊರಟುಹೋಗುತ್ತಾನೆ. ಈಚೆ ಕುರ್ಚಿಯಲ್ಲಿದ್ದವನು ಕೂತೇ ಇದ್ದಾನೆ.

ಸುತ್ತಲೂ ಸಂತೆಯ ಗದ್ದಲ, ತಲೆಯ ಮೇಲೆ ಬಿಸಿಲು. ಆದರೂ ನಾನು ಒಮ್ಮೆ ತಿರುಗಿ ಹಿಂದೆ ನೋಡಿದೆ. ಆ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ನನ್ನ ಎಲ್ಲ ಕಥೆಗಳಿಗಿಂತ ಚೆನ್ನಾಗಿತ್ತು.

ಹೊಸ ಚಾನೆಲ್ಲಿನಲ್ಲಿ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲೇ ನನ್ನ ರೆಕಾರ್ಡಿಂಗ್ ಮುಗಿಯುತ್ತಿದ್ದುದರಿಂದ ಅಂದೇ ಸಂಜೆ ಸಾಹೇಬರ ಅಂಗಡಿಗೆ ಹೋದೆ. ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕ್ಯಾಮೆರಾ ನಡೆಯುತ್ತಿತ್ತು. ಅದರೆದುರು ಬೆತ್ತದ ಕುರ್ಚಿ, ಖಾಲಿ. ಪಕ್ಕದ ಟಿವಿಯಲ್ಲೂ ಖಾಲಿ ಕುರ್ಚಿಯೇ. ಸಾಹೇಬರು ಮಾತ್ರ ಸ್ಟೂಲಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ನನ್ನನ್ನು ನೋಡಿ ಬಾಯಿಗೆ ಬೆರಳಿಟ್ಟರು. ಕೋಣೆ ನಿಶ್ಶಬ್ದವಾಗಿತ್ತು. ಯಾರೋ ಮಗ್ಗುಲು ಬದಲಿಸಿದ ಹಾಗೆ ಬೆತ್ತ ಕಿರುಗುಟ್ಟಿತು. ಆಮೇಲೆ ಕುರ್ಚಿಯ ಆ ಸಡಿಲ ಕೈ ತನ್ನಷ್ಟಕ್ಕೆ ಟಕ್, ಟಕ್ ಎಂದಿತು. ಕಥೆಯಲ್ಲಿ ದೆವ್ವ ಬರುವ ಹೊತ್ತಿಗೆ ನಾನು ಬೆರಳಿನಿಂದ ಹಾಗೆ ಬಡಿಯುತ್ತಿದ್ದೆ. ಅದು ನನ್ನದೇ ಅಭ್ಯಾಸ, ಯಾರಿಗೂ ಕಲಿಸಿದ್ದಲ್ಲ.

ಸಮಯ ಮುಗಿದು ಸಾಹೇಬರು ದೀಪ ಆರಿಸುವಷ್ಟರಲ್ಲಿ ಫೋನ್ ಬಂತು. ಯಲ್ಲಾಪುರದಿಂದ ಯಾರೋ. "ಹೌದ್ರಿ, ಮಾಸ್ತರಿಗೆ ಹೇಳ್ತೀನ್ರಿ," ಎಂದು ಸಾಹೇಬರು ಫೋನ್ ಇಟ್ಟು ಕುರ್ಚಿಯ ಕಡೆ ತಿರುಗಿ, "ಭಾಳ ಚಲೋ ಆತಂತ್ರಿ," ಎಂದರು. ನಾನು ನಿಂತದ್ದು ಬಾಗಿಲ ಹತ್ತಿರ.

"ಸಾಹೇಬ್ರೇ, ಅಲ್ಲಿ ಯಾರಿದ್ದಾರೆ?"

"ನೀವೇ ಅಲ್ಲೇನ್ರಿ?" ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀವು ಹೋದ್ರಿ ಖರೆ. ಅವರು ಹೋಗ್ಲಿಲ್ಲ. ಮರುದಿನ ಬರಾಬರ್ ಟೈಮಿಗೆ ಬಂದು ಕೂತ್ರು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಹೆದರಿಕೆಗಿಂತ ದೊಡ್ಡದಾಗಿ ಇನ್ನೊಂದು ಎದ್ದು ನಿಂತಿತು, ಅದು ಹೊಟ್ಟೆಕಿಚ್ಚು. "ನಾನೇ ವಾಪಸ್ ಬರ್ತೇನೆ, ಸಾಹೇಬ್ರೇ. ಆ ಸೋಫಾ ನನಗೆ ಆಗಿಬರಲಿಲ್ಲ," ಎಂದೆ.

ಸಾಹೇಬರು ಸಂಕೋಚದಿಂದ ತಲೆ ಕೆರೆದುಕೊಂಡರು. "ಜಾಗಾ ಖಾಲಿ ಇಲ್ಲಲ್ರಿ ಮಾಸ್ತರ. ಅವರಿಗೆ ಏನಂತ ಹೇಳ್ಲಿ? ಪಾಪ, ಚಹಾ ಸುದ್ದಾ ಕೇಳೂದಿಲ್ಲ."

ಮರುದಿನ ಸಂಜೆ ಶಾಲೆಯಿಂದ ಬಂದಾಗ ಸುಮಿತ್ರಾ ಟಿವಿಯ ಮುಂದಿದ್ದಳು. ಪರದೆಯ ಮೇಲೆ ಅದೇ ಕುರ್ಚಿ. "ಎಂತ ನೋಡ್ತಾ ಇದ್ದೆ?" ಎಂದು ಕೇಳಿದೆ. ಅವಳು ತಿರುಗಲಿಲ್ಲ. "ಶ್! ಸುಮ್ನಿರಿ. ನೀವು ಹೇಳದು ಕೇಳ್ತಿಲ್ಲೆ."

ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅವಳ ಉಸಿರು ಮಾತ್ರ ಬಿಗಿಯಾಗುತ್ತಾ ಹೋಯಿತು. ಒಂದು ಕ್ಷಣದಲ್ಲಿ ಬೆಚ್ಚಿಬಿದ್ದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಇಷ್ಟು ಮನಸ್ಸಿಟ್ಟು ಅವಳು ಕೇಳಿದ್ದು ಅದೇ ಮೊದಲು, ಹೇಳಿದವನು ನಾನಲ್ಲ ಎನ್ನುವುದೊಂದೇ ಕೊರತೆ.

ಈಗ ಒಂದು ದಾರಿ ಕಂಡುಕೊಂಡಿದ್ದೇನೆ. ಕಥೆ ಮುಗಿದ ಮೇಲೆ ದೋಸೆ ಹುಯ್ಯುವ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಎಂತ ಆತು?" ಎಂದು ಮೆಲ್ಲಗೆ ಕೇಳುತ್ತೇನೆ. ಅವಳು ಹೇಳುತ್ತಾಳೆ. ಮರುದಿನ ಅದನ್ನೇ ಸೋಫಾದಲ್ಲಿ ಕೂತು, ಪೌಡರ್ ಹಚ್ಚಿಸಿಕೊಂಡು, ಹೊಸ ಚಾನೆಲ್ಲಿನಲ್ಲಿ ಹೇಳುತ್ತೇನೆ. ಮೊನ್ನೆ ಮ್ಯಾನೇಜರ್ ಕರೆದು, ವೀಕ್ಷಕರಿಂದ ದೂರು ಬಂದಿದೆ ಎಂದ. ನಾನು ಯಾರೋ ಇನ್ನೊಬ್ಬರನ್ನು ನಕಲು ಮಾಡುತ್ತೇನಂತೆ, ಅದೂ ಸರಿಯಾಗಿ ಬರುವುದಿಲ್ಲವಂತೆ.