ರೊಟ್ಟಿ ಇರೋತನಕ ಮರಳುಗಾಡು

ನಮ್ಮ ಮನೆಯವರು ಪಕ್ಕದ ಮಸ್ಕಿಗೆ ಹೋಗಿ ಬಂದರೂ ಹೇಳಿಕೊಂಡು ನಗುವಂಥದ್ದು ಒಂದಾದರೂ ಆಗಿರುತ್ತದೆ. ಅಂಥವರು ಎಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನಿಂದ ಜೀಪಿನಲ್ಲಿ ರಾಜಸ್ಥಾನದ ಮರಳುಗಾಡಿಗೆ ಹೊರಟರೆ ಕೇಳಬೇಕೆ?

ಕರಾರು

ಒಂಟೆ ಏರಬೇಕೆಂಬುದು ಅವ್ವನ ಬಹುದಿನದ ಆಸೆ. ಅಪ್ಪನಿಗೆ ಹೊರಗಿನ ಊಟ ಆಗದು. ಅದಕ್ಕೆ ಅವ್ವ ವಾರಗಟ್ಟಲೆ ಕೆಡದ, ಗರಿಗರಿಯಾದ ಜೋಳದ ಕಟಕ್ ರೊಟ್ಟಿ ಬಡಿದು ದೊಡ್ಡ ಗಂಟು ಕಟ್ಟಿದಳು. ಜೀಪು ಹತ್ತುವಾಗಲೇ ಅಪ್ಪ ಫರ್ಮಾನು ಹೊರಡಿಸಿದ: "ರೊಟ್ಟಿ ಇರೋತನ ಮುಂದ. ಮುಗಿದಕೂಡ್ಲೆ ಹಿಂದ!"

ಅಂದಿನಿಂದ ಅಪ್ಪ ಎರಡನೇ ರೊಟ್ಟಿಗೆ ಕೈ ಚಾಚಿದರೆ ಸಾಕು, ಅವ್ವ ಕೇಳುವಳು: "ಬರೇ ಕುಂತವ್ರಿಗೆ ಇಷ್ಟು ಹಸಿವು ಹ್ಯಾಂಗ ಆಕೈತ್ರೀ?"

ನೀರು

ಬೆಳಗಿನ ಬಿಸಿಲಿಗೆ ಮರಳಿನ ದಿಬ್ಬಗಳು ಬಂಗಾರದಂತೆ ಹೊಳೆಯುತ್ತಿದ್ದವು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಕಾಲುವೆ ಕೆಳಗೆ ಭತ್ತ ಬೆಳೆಯುವ ಅಪ್ಪ ಮಾತ್ರ ಒಂದು ಹಿಡಿ ಮರಳು ತೆಗೆದುಕೊಂಡು, ದಾರಿಯಲ್ಲಿ ಸಿಕ್ಕ ಮುದುಕನನ್ನು ನಮ್ಮ ಕಡೆಯ ಹಿಂದಿಯಲ್ಲಿ ಕೇಳಿದ: "ಇಧರ್ ಪಾನಿ ಕಬ್ ಛೋಡ್ತೇ?" ಇಲ್ಲಿ ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಅಂತ.

ಮುದುಕ ಆಕಾಶ ತೋರಿಸಿದ.

"ನಮ್ಮ ಕಾಲುವಿ ಸಾಹೇಬಗಿಂತ ಇವರ ಸಾಹೇಬ ಚಲೋ. ಎಲ್ಲಿ ಅದಾನ ಅಂತನಾದ್ರೂ ಗೊತ್ತೈತಿ," ಎಂದ ಅಪ್ಪ.

ಗಾಲಿ

ಮುಂದೆ ಜೀಪು ಮರಳಿನಲ್ಲಿ ಹೂತಿತು. ಓಡಿಸುತ್ತಿದ್ದವ ಅವ್ವನ ತಮ್ಮ, ನನ್ನ ಸೋದರಮಾವ. ನಮ್ಮ ಕಡೆಯ ಜವಳಗೇರಾದ ಕೆಸರಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡಾಗೆಲ್ಲ ಗಾಲಿ ಕೆಳಗೆ ಹುಲ್ಲು ತುರುಕಿ ಎಬ್ಬಿಸಿದವ. ಇಲ್ಲಿ ಹುಲ್ಲೆಲ್ಲಿ? ಅವನ ಕಣ್ಣು ಗಂಟಿನ ಮೇಲೆ ಬಿತ್ತು.

"ಅಕ್ಕಾ, ಒಂದ್ ನಾಕು ರೊಟ್ಟಿ..."

ಅವ್ವ ಗಂಟನ್ನು ಅವುಚಿಕೊಂಡಳು. "ಬೇಕಾದ್ರ ನಿನ್ನ ಅಳಿಯನ್ನ ಹಾಕಲೇ!"

ಅಳಿಯ ಎಂದರೆ ನಾನು. ಆವತ್ತು ಆ ಜೀಪು ನೂಕಿದಷ್ಟು ಜೋರಾಗಿ ಜೀವನದಲ್ಲಿ ಮತ್ತೇನನ್ನೂ ನೂಕಿಲ್ಲ.

ಒಂಟೆ

ಕೊನೆಗೂ ಬಾಡಿಗೆಗೆ ಒಂದು ಒಂಟೆ ಸಿಕ್ಕಿತು. ಮಂಡಿಯೂರಿ ಕುಳಿತಿತ್ತು. ಅವ್ವ ಸಂಭ್ರಮದಲ್ಲಿ ಗಂಟನ್ನು ಅದರ ಮುಂದೆಯೇ ಇಟ್ಟು ಬೆನ್ನೇರಿದಳು. ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಕೆಳಗೆ ಕಟಕಟ ಸದ್ದು. ನಾವು ಓಡಿ ಹೋಗುವುದರೊಳಗೆ ಗಂಟಿನ ಬಟ್ಟೆಯಷ್ಟೇ ಉಳಿದಿತ್ತು.

ಅಪ್ಪ ಸೊಂಟದ ಮೇಲೆ ಕೈಯಿಟ್ಟ. "ರೊಟ್ಟಿ ಮುಗಿದ್ವು. ಕರಾರು ಅಂದ್ರ ಕರಾರು. ಇಳಿ, ಊರಿಗೆ ಹೋಗೂಣು."

ಅವ್ವನ ಮುಖ ಬಾಡಿತು. ಅಷ್ಟರಲ್ಲಿ ಒಂಟೆ ಎದ್ದು ನಿಂತು ಹೆಜ್ಜೆ ಹಾಕಿಯೇಬಿಟ್ಟಿತು. ಅವ್ವ ಮೇಲಿನಿಂದ ಕೂಗಿದಳು:

"ಎಲ್ಲಿ ಮುಗಿದಾವ್ರೀ? ಇದರ ಹೊಟ್ಟ್ಯಾಗ ಅದಾವ! ರೊಟ್ಟಿ ಇರೋತನ ಮುಂದ ಅಂದೋರು ನೀವ. ರೊಟ್ಟಿ ಮುಂದ ಹೊಂಟಾವ, ನಾನೂ ಹೊಂಟೀನಿ. ನಡ್ಕೋತ ಬರ್ರಿ!"