ನೂರ ಮೂವತ್ತು ಡಿಗ್ರಿ

ವೈರಪ್ಪನ ಕಾರನ್ನು ಗುಜರಿಗೆ ಸಾಗಿಸುವ ನೋಟೀಸನ್ನು ತಿದ್ದಿಕೊಟ್ಟವನು ವೈರಪ್ಪನೇ. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸ ಅವನದು. ಕಟ್ಟಡದ ನಿವಾಸಿಗಳ ಸಂಘದಲ್ಲಿ ಏನೇ ಬರೆದರೂ ಮೊದಲು ಅವನ ಕೈಗೆ ಕೊಡುವುದು ಸೆಕ್ರೆಟರಿಯ ಪದ್ಧತಿ. ‘ಸ್ವಂತ ಎಂಜಿನ್ನಿನಿಂದ ಗೇಟು ದಾಟಿ, ಬೀದಿ ಸುತ್ತಿ, ತಮ್ಮ ಜಾಗಕ್ಕೆ ಮರಳಲಾರದ ವಾಹನಗಳನ್ನು ಭಾನುವಾರ ಸಂಜೆ ಆರಕ್ಕೆ ಗುಜರಿಗೆ ಸಾಗಿಸಲಾಗುವುದು’ ಎಂಬ ವಾಕ್ಯಕ್ಕೆ ಎರಡು ಅಲ್ಪವಿರಾಮ ಸೇರಿಸಿ, ಚೆನ್ನಾಗಿದೆ ಎಂದು ಬೇರೆ ಹೊಗಳಿದ್ದ. ಅಂಥ ವಾಹನ ಇಡೀ ಕಟ್ಟಡದಲ್ಲಿ ಇರುವುದು ಒಂದೇ, ಅದು ತನ್ನದೇ ಎಂದು ಹೊಳೆದದ್ದು ನೋಟೀಸು ಗೇಟಿನ ಪಕ್ಕದ ಬೋರ್ಡಿಗೆ ಏರಿದ ಮೇಲೆ. ಆ ಬೋರ್ಡನ್ನು ಹೋದ ವಾರ ಗೋಡೆಗೆ ಬಿಗಿದವನೂ ಅವನೇ. ಸೆಕ್ರೆಟರಿ ಬೆನ್ನ ಹಿಂದೆ ನಿಂತು ಅವಸರ ಮಾಡಿದ್ದರಿಂದ, ಸಿಕ್ಕಿದ ಬೋಲ್ಟು ಹಾಕಿ ಮುಗಿಸಿದ್ದ.

ಕಾರು ಅವನ ಅಪ್ಪನದು. ಸ್ಟೇರಿಂಗಿನ ಮೇಲೆ ಅಪ್ಪನ ಕೈ ಹಿಡಿದು ಹಿಡಿದು ಸವೆದ ಎರಡು ಜಾಗಗಳಿದ್ದವು. ಅಪ್ಪ ಹೋದ ಮೇಲೆ ಉಳಿದದ್ದು ಆ ಎರಡು ಗುರುತು ಮಾತ್ರ. ಕಾರನ್ನು ಗುಜರಿಗೆ ಬಿಡಬಾರದೆಂದು ವೈರಪ್ಪ ಹಟ ಹಿಡಿದಿದ್ದ.

ಎಂಜಿನ್ನು ಕೆಟ್ಟಿರಲಿಲ್ಲ. ಕೆಟ್ಟದ್ದು ವೈರಪ್ಪ ಅದಕ್ಕೆ ಮಾಡಿದ ಉಪಕಾರ. ಹವ್ಯಾಸದ ಹುಚ್ಚಿನಲ್ಲಿ ಎರಡು ವರ್ಷ ಕೂತು ಅವನೊಂದು ಮೀಟರು ಕಟ್ಟಿದ್ದ. ಎಂಜಿನ್ನಿಗೆ ಒಂದು ಸೆನ್ಸರು. ಅದರ ಬಿಸಿ ತಂತಿಗುಂಟ ವೋಲ್ಟೇಜಾಗಿ ಬಂದು ಅಂಗೈಯಗಲದ ಸರ್ಕ್ಯೂಟ್ ಬೋರ್ಡಿಗೆ ಮುಟ್ಟುತ್ತದೆ. ಬೋರ್ಡು ಅದನ್ನು ಓದಿ ಡಿಗ್ರಿ ತೋರಿಸುತ್ತದೆ. ನೂರು ದಾಟಿದರೆ ಎಂಜಿನ್ನು ತಾನಾಗಿಯೇ ನಿಲ್ಲುತ್ತದೆ. ಹಳೆಯ ಎಂಜಿನ್ನು ಸುಟ್ಟುಹೋಗಬಾರದೆಂಬ ಕಾಳಜಿ. ಈಗ ಒಂದು ವಾರದಿಂದ, ತಣ್ಣಗೆ ನಿಂತ ಕಾರಿನಲ್ಲೂ ಮೀಟರು ನೂರ ಮೂವತ್ತು ತೋರಿಸುತ್ತಿತ್ತು. ಕೀಲಿ ತಿರುಗಿಸಿದರೆ ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು.

ಭಾನುವಾರ ಬೆಳಿಗ್ಗೆಯೇ ಅವನು ನೆಲಮಾಳಿಗೆಯಲ್ಲಿ ಬಾನೆಟ್ಟಿನೊಳಗೆ ತಲೆ ತೂರಿಸಿದ್ದ. ಚಹಾ ತಂದ ಹೆಂಡತಿ ನೇರವಾಗಿ ಹೇಳಿದಳು.

“ರೀ, ಆ ಮೀಟರ್ ಕಿತ್ತು ಬಿಸಾಕಿ. ಕಾರು ತಾನಾಗೇ ಹೋಗುತ್ತೆ.”

“ಕಿತ್ತು ಬಿಸಾಕೋಕೆ ಎರಡು ವರ್ಷ ಕೂತು ಮಾಡಿದ್ನಾ?”

“ನಿಮಗೆ ಮಾವನ ಕಾರು ಬೇಕೋ, ನಿಮ್ಮ ಮೀಟರ್ ಬೇಕೋ?”

ವೈರಪ್ಪ ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದ. ಜನ್ಮವಿಡೀ ಬೇರೆಯವರ ತಪ್ಪು ತಿದ್ದಿದವನಿಗೆ ತನ್ನದೆಂದು ಇದ್ದದ್ದು ಆ ಮೀಟರು ಒಂದೇ. ಅವಳಿಗೆ ಅದು ಗೊತ್ತಿತ್ತು. ಲೋಟ ತೆಗೆದುಕೊಂಡು ಹೋದಳು.

ಅಷ್ಟರಲ್ಲಿ ಕಟ್ಟಡದ ತಜ್ಞರು ಇಳಿದು ಬಂದರು. ಎಂದೋ ಟಿವಿ ರಿಪೇರಿ ಅಂಗಡಿ ಇಟ್ಟು ಮುಚ್ಚಿದ್ದ ಟಿವಿ ಮಾವನ ಪ್ರಕಾರ ಜಗತ್ತಿನ ಸಕಲ ರೋಗಕ್ಕೂ ಕಾರಣ ಕೆಪಾಸಿಟರು. ಮೇಲಿನ ಮನೆಯ ಹಲ್ಲಿನ ಡಾಕ್ಟರ ಪ್ರಕಾರ ಅನುಮಾನ ಬಂದದ್ದನ್ನು ಬೇರುಸಮೇತ ಕೀಳಬೇಕು. ಇಬ್ಬರೂ ಬಾನೆಟ್ಟಿಗೆ ತಲೆ ಹಾಕಿದ ಮೇಲೆ ಕಾರಿನ ಒಡೆಯನಿಗೆ ನಿಲ್ಲಲು ಜಾಗವಿರಲಿಲ್ಲ. ಕೊನೆಗೆ ಸೆಕ್ರೆಟರಿ ಬಂದರು. ದೊಡ್ಡ ಆಳು, ಮಂಡಿ ನೋವು ಬೇರೆ. ನೆಲಮಾಳಿಗೆಯಲ್ಲಿ ಕೂರಲು ಇನ್ನೇನೂ ಇಲ್ಲದ್ದರಿಂದ, ಕಾರಿನ ಮುಂದಿನ ಸೀಟಿನಲ್ಲಿ ಎಡಗಡೆ ಪೂರ್ತಿ ತಗ್ಗುವಂತೆ ಕೂತು ಪೇಪರು ಬಿಡಿಸಿದರು.

ಟಿವಿ ಮಾವ ಹೇಳಿದ ಹಾಗೆ ವೈರಪ್ಪ ಕೆಪಾಸಿಟರು ಬದಲಿಸಿದ. ಮೀಟರು ಮೂವತ್ತಕ್ಕೆ ಇಳಿಯಿತು. ಎಂಜಿನ್ನು ಗುರುಗುಟ್ಟಿತು. ನಾನು ಹೇಳಲಿಲ್ಲವೇ ಎಂದು ಟಿವಿ ಮಾವ ಎಲ್ಲರ ಮುಖ ನೋಡಿದರು. ಸೆಕ್ರೆಟರಿ ಊಟಕ್ಕೆಂದು ಎದ್ದು ಹೋದರು. ಮೀಟರು ನೂರ ಮೂವತ್ತಕ್ಕೆ ಹಾರಿತು, ಎಂಜಿನ್ನು ನಿಂತಿತು.

ಈಗ ಡಾಕ್ಟರ ಸರದಿ. ಅವರು ಖುದ್ದಾಗಿ ಇಕ್ಕಳ ಹಿಡಿದು ಸೆನ್ಸರನ್ನು ಕಿತ್ತು, ಬೆಳಕಿಗೆ ಹಿಡಿದು, ಪೂರ್ತಿ ಹುಳುಕು ಎಂದು ತೀರ್ಪು ಕೊಟ್ಟರು. ವೈರಪ್ಪ ಹೊಸದೊಂದನ್ನು ಕೂರಿಸಿದ. ಊಟ ಮುಗಿಸಿದ ಸೆಕ್ರೆಟರಿ ಅಷ್ಟೊತ್ತಿಗೆ ಬಂದು ಕೂತಿದ್ದರು. ಮೀಟರು ಮೂವತ್ತೊಂದು. ಡಾಕ್ಟರು ಕೈ ತೊಳೆಯಲು ಹೋದರು. ಸೆಕ್ರೆಟರಿಗೆ ಫೋನು ಬಂತು, ಎದ್ದು ಬಾಗಿಲಿನತ್ತ ನಡೆದರು. ನೂರ ಮೂವತ್ತು.

ವೈರಪ್ಪ ರೆಸಿಸ್ಟರು ಬದಲಿಸಿದ, ಬೆಸುಗೆ ಮತ್ತೆ ಹಾಕಿದ, ಎಂಜಿನ್ನಿನಿಂದ ಬೋರ್ಡಿನವರೆಗಿನ ತಂತಿಯನ್ನು ಗೇಣು ಗೇಣಾಗಿ ಅಳೆದ. ಬೋರ್ಡಿನ ಅರ್ತ್ ತಂತಿಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಸೀಟಿನ ಕೆಳಗೆ ಕಾರಿನ ಮೈಗೆ ಬಿಗಿದವನು ಅವನೇ ಆದ್ದರಿಂದ ಅಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಇನ್ನೇನು ಆರು ಗಂಟೆ ಎನ್ನುವಾಗ ಗೇಟಿನ ಹೊರಗೆ ಗುಜರಿಗೆ ವಾಹನ ಎತ್ತಿ ಒಯ್ಯುವ ಲಾರಿ ಬಂದು ನಿಂತಿತು. ಪರೀಕ್ಷಕರಾಗಿ ಸೆಕ್ರೆಟರಿ ಸೀಟಿನಲ್ಲಿ ಕುಸಿದು ಕೂತರು. ಮೀಟರು ಮೂವತ್ತಕ್ಕೆ ಬಿತ್ತು. ಆಗ ವೈರಪ್ಪನ ತಲೆಯಲ್ಲಿ ಏನೋ ಮಿಂಚಿತು. ಒಂದೇ ತಪ್ಪು ಮೂರು ಪುಟದಲ್ಲಿ ಕಂಡರೆ ಹಿಡಿಯದವನು ಪ್ರೂಫ್ ತಿದ್ದುವವನೇ ಅಲ್ಲ.

“ಸಾರ್, ಒಂದು ನಿಮಿಷ ಇಳೀತೀರಾ? ಸೀಟಿನ ಕೆಳಗೆ ನೋಡ್ಬೇಕು.”

“ಬೆಳಿಗ್ಗೆಯಿಂದ ನೋಡಿದ್ದು ಸಾಕು ಕಣ್ರೀ. ಹೊರಡ್ತೀರೋ, ಲಾರಿಯವನ್ನ ಒಳಗೆ ಕರೀಲೋ?”

ವೈರಪ್ಪ ಹೊರಟ. ಕಾರು ಇಳಿಜಾರನ್ನು ಏರಿ ಗೇಟು ದಾಟಿತು. ಬೇಕರಿ, ಶಾಲೆಯ ಗೋಡೆ, ಬಸ್ ನಿಲ್ದಾಣ ಎಲ್ಲವೂ ಹಿಂದೆ ಸರಿದವು. ಮೀಟರು ನಲವತ್ತು, ಐವತ್ತು ಎಂದು ಒಳ್ಳೆಯ ಹುಡುಗನ ಹಾಗೆ ಏರುತ್ತಿತ್ತು. ಅಪ್ಪ ಹಿಡಿಯುತ್ತಿದ್ದ ಜಾಗದಲ್ಲೇ ಕೈಯಿಟ್ಟು ಓಡಿಸುತ್ತಿದ್ದವನಿಗೆ ಕಣ್ಣು ತುಂಬಿಬಂತು. ಪಕ್ಕದಲ್ಲಿ ಕೂತ ವೈರಿಯ ಮೇಲೂ ಪ್ರೀತಿ ಉಕ್ಕಿತು. ಸೆಕ್ರೆಟರಿಯೂ ಖುಷಿಯಾಗಿದ್ದರು, ಗಾಡಿ ಪರವಾಗಿಲ್ಲ ಎಂದು ಎರಡು ಸಲ ಹೇಳಿದರು.

ಸುತ್ತು ಮುಗಿಸಿ ಕಾರು ಗೇಟಿಗೆ ಬಂತು. ಅದರ ಜಾಗ ಇಳಿಜಾರಿನ ಕೆಳಗೆ ಕಾಣುತ್ತಿತ್ತು.

“ನನ್ನ ಇಲ್ಲೇ ಇಳಿಸಿ. ಕೆಳಗಿಂದ ಹತ್ತಿ ಬರೋಕೆ ನನ್ನ ಮಂಡಿ ಕೇಳಲ್ಲ.”

“ಸಾರ್, ದಯವಿಟ್ಟು ಜಾಗದ ತನಕ ಬನ್ನಿ. ಮೇಲಕ್ಕೆ ನಾನೇ ಕೈ ಹಿಡಿದು ಕರ್ಕೊಂಡು ಬರ್ತೀನಿ.”

ಇಷ್ಟು ಉಪಚಾರ ಯಾಕೆಂದು ಸೆಕ್ರೆಟರಿಗೆ ಅನುಮಾನ ಬಂತು. ಬಾಗಿಲು ತೆಗೆದು ಇಳಿದೇಬಿಟ್ಟರು. ಸೀಟು ಕಿರುಗುಟ್ಟಿ ಮೇಲೆದ್ದಿತು. ನೂರ ಮೂವತ್ತು. ಕಾರು ಗೇಟಿಗೆ ಅಡ್ಡವಾಗಿ ನಿಂತಿತು.

“ಸಾರ್, ಮತ್ತೆ ಕೂತ್ಕೊಳ್ಳಿ. ನೀವು ಕೂತ್ರೆ ಹೋಗುತ್ತೆ.”

“ನಾನೇನು ಬ್ಯಾಟರೀನಾ?”

ಗೇಟಿನ ಬಳಿ ನೆರೆದಿದ್ದ ನಿವಾಸಿಗಳೆಲ್ಲ ನಕ್ಕರು. ಸೆಕ್ರೆಟರಿಯ ಮುಖ ಕೆಂಪಗಾಯಿತು. ತಮ್ಮ ಮೈಯ ಬಗ್ಗೆ ಆಡಿಕೊಂಡರೆಂದು ಅವರು ಇನ್ನು ಯಾವ ಮಾತಿಗೂ ಬಗ್ಗಲಿಲ್ಲ. ಮೀಟರು ಕಿತ್ತರಾಯಿತು ಎಂದು ವೈರಪ್ಪ ಕೊನೆಗೂ ಬಾಯಿಬಿಟ್ಟು ಹೇಳಿದ. ಆಗಲೇ ಆರು ಹೊಡೆದಿತ್ತು. ಲಾರಿಯವನು ಕೊಕ್ಕೆ ಸಿಕ್ಕಿಸಿದ್ದ.

ಕಾರಿನ ಮುಂಭಾಗ ಮೇಲೇಳುತ್ತಿದ್ದಂತೆ, ತೆರೆದೇ ಇದ್ದ ಬಾಗಿಲಿನಿಂದ ಮೀಟರಿನ ಕಪ್ಪು ಅರ್ತ್ ತಂತಿ ಹೊರಗೆ ಜಾರಿ ನೇತಾಡಿತು. ಅದರ ತುದಿಯ ಉಂಗುರ ಬರಿದಾಗಿತ್ತು. ಬೋಲ್ಟು ಇರಲಿಲ್ಲ. ಬೆಳಿಗ್ಗೆಯಿಂದ ಆಗಾಗ ಆ ಉಂಗುರವನ್ನು ಕಾರಿನ ಮೈಗೆ ಒತ್ತಿ ಹಿಡಿದದ್ದು ಎಡ ಸೀಟಿನಲ್ಲಿ ಕೂತ ಸೆಕ್ರೆಟರಿಯ ಭಾರವೇ. ಅವರು ಎದ್ದಾಗಲೆಲ್ಲ ತಂತಿ ಬಿಟ್ಟು ಮೀಟರು ಸುಳ್ಳು ಹೇಳಿತ್ತು.

ವೈರಪ್ಪನಿಗೆ ಎಲ್ಲ ನೆನಪಾಯಿತು. ಸ್ಪ್ಯಾನರು ಹಿಡಿದು ನೋಟೀಸು ಬೋರ್ಡಿನ ಬಳಿ ಓಡಿದ. ಮೂರು ಮೂಲೆಯಲ್ಲಿ ಹೊಸ ಬೋಲ್ಟುಗಳು ಹೊಳೆಯುತ್ತಿದ್ದವು. ನಾಲ್ಕನೆಯದು ಹಳೆಯದು, ಗ್ರೀಸು ಮೆತ್ತಿದ್ದು. ಆವತ್ತು ಒಂದು ಕಡಿಮೆ ಬಿದ್ದಾಗ, ನಾಳೆ ಮತ್ತೆ ಹಾಕಿದರಾಯಿತು ಎಂದು ಕಾರಿನಿಂದ ಅವನೇ ಬಿಚ್ಚಿ ತಂದದ್ದು.

ಸ್ಪ್ಯಾನರು ಇಟ್ಟು ಒಂದು ತಿರುವು ತಿರುಗಿಸಿದ್ದನೋ ಇಲ್ಲವೋ, ಹಿಂದಿನಿಂದ ಸೆಕ್ರೆಟರಿಯ ದನಿ ಬಂತು.

“ಕೈ ತೆಗೀರಿ ವೈರಪ್ಪ. ಅದು ಸಂಘದ ಸ್ವತ್ತು.”

ಲಾರಿ ಬೇಕರಿಯ ತಿರುವಿನಲ್ಲಿ ಮರೆಯಾಯಿತು. ವೈರಪ್ಪ ಕೈ ತೆಗೆದ. ಎದುರಿಗಿದ್ದ ನೋಟೀಸನ್ನು, ಬೇರೆ ಏನು ಮಾಡುವುದೆಂದು ತಿಳಿಯದೆ, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.